ತಿಂಗಳಿಗೊಮ್ಮೆ ತಿರುವನಂತಪುರ

ತಂಪಾನೂರ್ ರೈಲು ನಿಲ್ದಾಣದಿಂದ ಹೊರಬಿದ್ದ ಅನಸೂಯಾ ಚಾಲೈ ಪೇಟೆಯ ಕಡೆ ತಿರುಗಲೇ ಇಲ್ಲ. ಅವಳ ಹಿಂದೆ ಕದ್ದು ಬಂದಿದ್ದ ಗಂಡ ಕಾಶೀನಾಥ ಹಲ್ಲು ಕಡಿದ. ಬ್ಯಾಡಗಿ ಮೆಣಸಿನಕಾಯಿ ಚಾಲೈಯಲ್ಲೇ ಸಿಗುವುದು ಎಂದು ತಿಂಗಳಿಗೊಮ್ಮೆ ಹೊರಡುತ್ತಿದ್ದಳು. ಅರ್ಧ ಕಿಲೋ ಮೆಣಸಿನಕಾಯಿಗೆ ಕೊಚ್ಚಿಯಿಂದ ಐದು ತಾಸು ರೈಲು! ಆರು ತಿಂಗಳು ನಂಬಿದ್ದ, ಕತ್ತೆ.

ಗುಂಪಿನಲ್ಲಿ ನುಗ್ಗಿದ. “ಚೇಟ್ಟಾ!” ಎಂದು ಯಾರೋ ಕೂಗಿ ಅವನ ಕಾಲು ತೋರಿಸಿದರು. ಒಂದು ಚಪ್ಪಲಿ ಎಲ್ಲೋ ಕಳಚಿ ಬಿದ್ದಿತ್ತು. ಸಿಟ್ಟಿನಲ್ಲಿ ಗೊತ್ತೇ ಆಗಿರಲಿಲ್ಲ.

ಅವಳು ಹಳದಿ ಕಟ್ಟಡವೊಂದನ್ನು ಹೊಕ್ಕಳು. ಅವನು ಎದುರಿನ ಅಂಗಡಿಯಲ್ಲಿ ಚಹಾದ ಗಾಜಿನ ಲೋಟವನ್ನು ಮುಷ್ಟಿಯಲ್ಲಿ ಹಿಡಿದು ಕಾದ. ಅಂಗಡಿಯವನು ಬೆಚ್ಚಿ, ಊದಿ ತೋರಿಸಿ, ಮಲಯಾಳದಲ್ಲಿ ಏನೋ ಹೇಳಿದ. ಅಂಬಲಮುಗಳ್‌ನ ಎಣ್ಣೆ ಕಾರ್ಖಾನೆಯಲ್ಲಿ ಪೈಪು ಜೋಡಿಸುವ ಕೈಗೆ ಇದೆಂಥ ಬಿಸಿ!

ಕೇರಳಕ್ಕೆ ಬಂದು ಎರಡು ವರ್ಷವಾದರೂ ಆ ಭಾಷೆ ಅವನ ತಲೆಗೆ ಹತ್ತಿರಲಿಲ್ಲ. ಮನೆಗೆಲಸಕ್ಕೆ ಹೋಗಿ ಅದನ್ನು ಕಲಿತ ಅನಸೂಯಾಳೇ ಅವನ ಬಾಯಿ, ಅವನ ಕಿವಿ. ಕೆಲಸದ ಕಡೆಯ ಆರೋಗ್ಯ ತಪಾಸಣೆಯಲ್ಲಿ ಡಾಕ್ಟರು ಉದ್ದಕ್ಕೆ ಹೇಳಿದ್ದನ್ನು ಅವಳೇ ಕನ್ನಡಕ್ಕಿಳಿಸಿದ್ದಳು: ರಕ್ತ ಕಡಿಮೆ, ದಿನಾ ಗುಳಿಗೆ ನುಂಗಬೇಕು.

ತಾಳ್ಮೆ ಕೆಟ್ಟು ಒಳಗೆ ನುಗ್ಗಿದ. ಗೋಡೆಯ ಚಿತ್ರಕ್ಕೆ ಭಾಷೆ ಬೇಕಿರಲಿಲ್ಲ. ಬಿಳಿಚಿದ ಮಚ್ಚೆ, ಮುರುಟಿದ ಬೆರಳು. ಕುಷ್ಠ. ತನಗದು ಬಂದಿದೆ ಎಂದು ಕೇಳಿದ ದಿನವೇ ಅವನ ಅಣ್ಣ ನಿತ್ಯಾನಂದ ಬಾವಿಗೆ ಹಾರಿದ್ದ. ಮದ್ದಿನ ಸಾಲಿನಲ್ಲಿ ಅನಸೂಯಾ ನಿಂತಿದ್ದಳು.

“ಯಾವಾಗಿಂದ ಐತಿ ಇದು?”

ಅವಳ ಮುಖ ಸುಟ್ಟ ಬದನೆಕಾಯಿಯಾಯಿತು. “ಒಂದ್ ವರ್ಷ ಗುಳಿಗಿ ನುಂಗಿದ್ರ ಹೋಗ್ತದಂತ್ರೀ. ಸತ್ತ ನರ ಅಷ್ಟ ತಿರುಗಿ ಬರಂಗಿಲ್ಲಂತ.”

“ಮುಚ್ಚಿಟ್ಟು ನನ್ನ ಜೋಡಿ ಉಂಡೀ, ಮಲಗಿದಿ!”

“ಹೇಳಿದ್ರ ಏನ್ ಮಾಡ್ತಿದ್ರಿ?”

“ಹೊರಗ ಹಾಕ್ತಿದ್ದೆ! ಈ ರೋಗದವರ ಜೋಡಿ ಯಾರು ಬಾಳೇ ಮಾಡ್ತಾರ? ನಡಿ ತವರಿಗೆ.”

“ಯಾರಿಗೆ ಬಂದ್ರೂ ಇದ ಮಾತೇನ್ರೀ?”

“ಯಾರಿಗೆ ಬಂದ್ರೂ!”

ಅನಸೂಯಾ ಅವನನ್ನು ಅಡಿಯಿಂದ ಮುಡಿವರೆಗೆ ಒಮ್ಮೆ ನೋಡಿದಳು. ಸೆರಗು ಬಿಗಿದು ಬಾಗಿಲು ದಾಟಿದಳು. ತಿರುಗಿ ನೋಡಲಿಲ್ಲ.

ಜಗಳದ ಕನ್ನಡ ಕೇಳಿದ ಕಾಸರಗೋಡಿನ ನರ್ಸ್ ಜಾಯ್ಸ್ ಕಿಟಕಿಯಿಂದ ಪೊಟ್ಟಣ ಚಾಚಿದಳು: “ಕಾಶೀನಾಥ ಅಂದ್ರೆ ನೀವೇ ಅಲ್ವಾ? ಅಂತೂ ನಿಮ್ಮ ಮದ್ದಿಗೆ ನೀವೇ ಬಂದ್ರಲ್ಲ ಮಾರಾಯ್ರೆ. ಪಾಪ, ಆ ಅಕ್ಕ ಎಷ್ಟೂಂತ ಓಡಾಡ್ಬೇಕು?”