ಫೋಟೋಗೆ ಅಡ್ಡ

"ಏಯ್, ಸ್ವಲ್ಪ ಆ ಕಡೆ ಹೋಗಮ್ಮ, ಫೋಟೋಗೆ ಅಡ್ಡ ಬರ್ತಿದೀಯ" ಎಂದು ಕೂಲಿಂಗ್ ಗ್ಲಾಸ್ ಹಾಕಿದ್ದ ಯುವಕ ಕೋಳಿ ಅಟ್ಟುವಂತೆ ಕೈ ಬೀಸಿದಾಗ, ಟೀ ಗಿಡಗಳ ನಡುವೆ ನಿಂತಿದ್ದ ಸೊಣ್ಣಮ್ಮನಿಗೆ ಅದು ತನಗೇ ಹೇಳಿದ ಮಾತೆಂದು ತಕ್ಷಣ ಹೊಳೆಯಲಿಲ್ಲ. ಬೆಂಗಳೂರಿನ ಅಂಚಿನ ಕೋಗಿಲಿನಲ್ಲಿ ಅವಳನ್ನು ಹಾಗೆ ಅಟ್ಟುವವರು ಇತ್ತೀಚೆಗೆ ಯಾರೂ ಇರಲಿಲ್ಲ. ಮೂರು ಬಿಲ್ಡಿಂಗುಗಳ ಒಡತಿ. ಬಾಡಿಗೆಯವರು ಗೇಟಿನ ಹತ್ತಿರ ಕಂಡರೂ ನಮಸ್ಕಾರ ಹಾಕಿಯೇ ಮುಂದೆ ಹೋಗುತ್ತಿದ್ದರು.

ತಪ್ಪು ಪೂರ್ತಿ ಅವನದೇ ಎನ್ನುವಂತೆಯೂ ಇರಲಿಲ್ಲ. ಕೂನೂರಿನ ಆ ತೋಟದ ಬಾಗಿಲಲ್ಲೇ ಒಂದು ಅಂಗಡಿಯಿತ್ತು. ಸೀರೆಯ ಮೇಲೆ ತೊಡುವ ಚೌಕಳಿ ಶರ್ಟು, ತಲೆಗೆ ಸುತ್ತುವ ಬಟ್ಟೆ, ಬೆನ್ನಿಗೆ ಬಿದಿರಿನ ಬುಟ್ಟಿ, ಎಲ್ಲವೂ ಅರ್ಧ ಗಂಟೆಯ ಮಟ್ಟಿಗೆ ಬಾಡಿಗೆಗೆ ಸಿಗುತ್ತಿದ್ದವು. ಎಲೆ ಕೀಳುವವಳ ವೇಷದಲ್ಲಿ ಅಜ್ಜಿಯದೊಂದು ರೀಲ್ ಆಗಲೇಬೇಕೆಂದು ಮೊಮ್ಮಗಳು ಮೋನಿಕಾ ಹಟ ಹಿಡಿದಿದ್ದಳು. ಮಗ ಉಮೇಶ್ ತಾನೇ ಮುಂದೆ ನಿಂತು ತಾಯಿಗೆ ವೇಷ ಹಾಕಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಒರಿಜಿನಲ್ ಥರಾನೇ ಇದೀಯ ಎಂದು ಮೆಚ್ಚಿಕೊಂಡಿದ್ದ. ಒರಿಜಿನಲ್ ಹೆಂಗಸರು ನಾಲ್ಕು ಸಾಲು ಆಚೆ, ಕಾಡಿನ ಅಂಚಿನಲ್ಲಿ, ಸೊಂಟಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು, ಕಾಡುಕೋಣ ಬಂದೀತೆಂದು ಆಗಾಗ ಹಿಂತಿರುಗಿ ನೋಡುತ್ತ ಕೆಲಸ ಮಾಡುತ್ತಿದ್ದರು. ಅವರು ಎಲೆ ತುಂಬುತ್ತಿದ್ದುದು ಚೀಲಕ್ಕೆ. ಒಬ್ಬರ ಬೆನ್ನ ಮೇಲೂ ಬುಟ್ಟಿ ಇರಲಿಲ್ಲ.

ವೇಷ ಹಾಕಿದ ಮೇಲೆ ಸುಮ್ಮನೆ ಹಲ್ಲು ಬಿಟ್ಟುಕೊಂಡು ನಿಲ್ಲುವುದು ಸೊಣ್ಣಮ್ಮನಿಗೆ ಆಗಲಿಲ್ಲ. ಮದುವೆಯಾಗಿ ಬಂದಾಗಿನಿಂದ ಇಪ್ಪತ್ತೈದು ವರ್ಷ ದ್ರಾಕ್ಷಿ ಗೊಂಚಲು ಕತ್ತರಿಸಿದ ಕೈ ಅದು. ಮನೆಯ ತೋಟದಲ್ಲಿ ಕೆಲಸವಿಲ್ಲದ ದಿನ ಪಕ್ಕದವರ ತೋಟಕ್ಕೆ ಕೂಲಿಗೂ ಹೋಗಿದ್ದಳು. ತೋಟವಿದ್ದಲ್ಲಿ ಬಿಲ್ಡಿಂಗ್ ಎದ್ದ ಮೇಲೆ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಆಚೆ ಸಾಲಿನವರನ್ನು ಒಂದು ಗಳಿಗೆ ನೋಡಿ, ಎರಡು ಎಲೆ ಒಂದು ಕುಡಿ ಎಂಬ ವರಸೆ ಹಿಡಿದು ಎರಡೂ ಕೈಯಲ್ಲಿ ಚಿವುಟತೊಡಗಿದಳು. ರೀಲ್ ಆಯಿತು, ಸಾಕು ಎಂದು ಮೋನಿಕಾ ಕೂಗಿದ್ದೂ ಕಿವಿಗೆ ಬೀಳಲಿಲ್ಲ. ಯುವಕ ಬಂದದ್ದು ಆಗ.

"ಕಿವಿ ಕೇಳಲ್ವಾ? ಈ ಕೂಲಿಯವ್ರದ್ದು ಇದೇ ಆಯ್ತು, ಬೇಕೂಂತ್ಲೇ ಬಂದು ಮುಂದೆ ನಿಲ್ತಾರೆ" ಎಂದ ಅವನು.

ಕೆಳಗೆ ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದ ಉಮೇಶ್ ಅರ್ಧ ಬಜ್ಜಿಯನ್ನು ಅಲ್ಲೇ ಬಿಟ್ಟು, ಏದುಸಿರು ಬಿಡುತ್ತ ಏರು ಹತ್ತಿ ಬಂದ.

"ಯಾರ್ನ ಕಣೋ ಕೂಲಿ ಅಂದಿದ್ದು? ನಮ್ಮಮ್ಮ ನಿನ್ ಕಣ್ಣಿಗೆ ಕೂಲಿಯವಳ ಥರ ಕಾಣ್ತಾಳಾ?"

ಯುವಕ ಚೌಕಳಿ ಶರ್ಟನ್ನೂ ಬುಟ್ಟಿಯನ್ನೂ ನೋಡಿದ. ಆ ಪ್ರಶ್ನೆಗೆ ಪ್ರಾಮಾಣಿಕ ಉತ್ತರವೊಂದಿತ್ತು. ಅದನ್ನು ಹೇಳಿದರೆ ಕೆನ್ನೆಗೆ ಏಟು ಬೀಳುವುದೂ ಖಚಿತವಾಗಿತ್ತು.

ಬೆಂಗಳೂರಿನವರ ಜಗಳ ಎಷ್ಟೇ ಎತ್ತರದ ಬೆಟ್ಟದ ಮೇಲೆ ನಡೆದರೂ ಯಾವ ಏರಿಯಾ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಯುವಕನ ಹೆಸರು ಮಹೇಂದ್ರ, ಇರುವುದು ಹೆಬ್ಬಾಳದಲ್ಲಿ ಎಂದು ತಿಳಿಯಿತು. ಉಮೇಶ್ ತಮ್ಮದು ಕೋಗಿಲು ಎಂದ. ಎದುರಿಗೆ ನಿಂತಿರುವವಳ ಹೆಸರಿನಲ್ಲಿ ಅಲ್ಲಿ ಏನೇನಿದೆ ಎಂಬುದನ್ನು ಒಂದೊಂದಾಗಿ ಹೇಳಿದ. ಎರಡನೆಯ ಬಿಲ್ಡಿಂಗಿಗೆ ಮಹೇಂದ್ರ ಕೂಲಿಂಗ್ ಗ್ಲಾಸ್ ತೆಗೆದ. ಮೂರನೆಯದಕ್ಕೆ ಕೈ ಮುಗಿದ.

"ಸಾರಿ ಆಂಟಿ. ನೀವು ಅಂತ ಗೊತ್ತಿದ್ರೆ ಖಂಡಿತ ಹಂಗೆ ಮಾತಾಡ್ತಿರ್ಲಿಲ್ಲ. ಕೆಲಸದವ್ರು ಅಂದ್ಕೊಂಡೆ."

ಉಮೇಶನಿಗೆ ಅಷ್ಟು ಸಾಕಾಯಿತು. ಹೋಗ್ಲಿ ಬಿಡು ಗುರು, ನೋಡ್ಕೊಂಡು ಮಾತಾಡ್ಬೇಕು ಎಂದು ಅವನ ಹೆಗಲು ತಟ್ಟಿದ. ಮರುಕ್ಷಣವೇ ಇಬ್ಬರೂ ಹೆಬ್ಬಾಳ ಫ್ಲೈಓವರಿನ ಟ್ರಾಫಿಕ್ಕನ್ನು ಒಟ್ಟಿಗೆ ಬೈಯತೊಡಗಿದ್ದರು.

ಸೊಣ್ಣಮ್ಮನ ಕಿವಿ ಮಾತ್ರ ಇನ್ನೂ ಸುಡುತ್ತಿತ್ತು. ದಾರಿಹೋಕನ ಮಾತು ಮೈಮೇಲಿಂದ ಉದುರಿ ಹೋಗಿತ್ತು. ಮಗನದು ಎದೆಯಲ್ಲಿ ಕೂತಿತ್ತು. ಅವಳು ಬೆನ್ನಿನ ಬುಟ್ಟಿಯನ್ನು ಇಳಿಸಿ ನೆಲಕ್ಕಿಟ್ಟಳು.

"ಅದ್ಯಾಕ್ಲಾ ಉಮೇಶ, ಕೂಲಿ ಅಂದಿದ್ಕೆ ಅಂಗೆ ಉರ್ಕೊಂಡ್ ಬಂದೆ? ನಿನ್ನ ಓದ್ಸಿದ್ದು ಬಿಲ್ಡಿಂಗಾ?"

ಎಲ್ಲರ ಮುಂದೆ ಅದೆಲ್ಲ ಬೇಡ ಎಂದು ಉಮೇಶ್ ತಗ್ಗಿದ ದನಿಯಲ್ಲಿ ಏನೋ ಹೇಳಲು ಹೋದ. ಅವಳು ಆಗಲೇ ಮಹೇಂದ್ರನತ್ತ ತಿರುಗಿದ್ದಳು.

"ನಂಗ್ಯಾಕಪ್ಪ ನಿನ್ ಸಾರಿ? ನೀನ್ ಬೈದಿದ್ದು ಈ ಬಟ್ಟೆಗೆ. ನಾನು ಇನ್ನೊಂದ್ ಗಳಿಗೆಗೆ ಬಿಚ್ಚಾಕ್ತೀನಿ. ದಿನಾ ಉಟ್ಕೊಳ್ಳೋರು ಅಲ್ಲಿ ಅವ್ರೆ ನೋಡು. ಓಗಿ ಆ ಸಾರಿನ ಅವ್ರಿಗೆ ಏಳು."

ಮಹೇಂದ್ರ ಉಮೇಶನ ಮುಖ ನೋಡಿದ. ಅಲ್ಲಿಂದ ಯಾವ ಸಹಾಯವೂ ಬರಲಿಲ್ಲ. ಹೋಗದೆ ವಿಧಿಯಿಲ್ಲವೆಂದು ಫೋನ್ ಹಿಡಿದುಕೊಂಡೇ, ಏನು ಹೇಳುವುದು, ಯಾವ ಭಾಷೆಯಲ್ಲಿ ಹೇಳುವುದು ಎಂದು ತಿಳಿಯದೆ, ಗಿಡಗಳ ಸಂದಿಯಲ್ಲಿ ಅವರ ಕಡೆಗೆ ನಾಲ್ಕು ಹೆಜ್ಜೆ ಹಾಕಿದ.

ಹೆಂಗಸರು ತಲೆಯೆತ್ತಿ ನೋಡಿದರು. ಅವನ ಕೈಯಲ್ಲಿದ್ದ ಫೋನನ್ನೂ ನೋಡಿದರು. ತಮ್ಮ ತಮ್ಮ ಚೀಲ ಎತ್ತಿಕೊಂಡು, ಫೋಟೋದಲ್ಲಿ ಬೆಟ್ಟ ಚೆನ್ನಾಗಿ ಕಾಣಲೆಂದು, ಪಕ್ಕಕ್ಕೆ ಸರಿದು ನಿಂತರು.