ಆರಿಸಿ ತೆಗೆದದ್ದು

"ಕುಡಿಸ್ಬೇಡಮ್ಮ, ತಡಿ!" ಎಂದಳು ಮಗಳು ಕವಿತ. ಅಕ್ಕಯಮ್ಮನ ಕೈಯಲ್ಲಿದ್ದ ಹಾಲಿನ ಲೋಟ ಮೊಮ್ಮಗನ ತುಟಿಯ ಹತ್ತಿರವೇ ನಿಂತಿತು.

ಕವಿತ ಸಂಶೋಧನೆಗೆಂದು ತಂದಿದ್ದ ಪುಟ್ಟ ಯಂತ್ರವೊಂದು ಬೂಷ್ಟಿನ ವಿಷವನ್ನು ಪತ್ತೆ ಮಾಡುತ್ತಿತ್ತು. ಅಕ್ಕಯಮ್ಮ ಆರಿಸಿಟ್ಟಿದ್ದ ಕಡಲೆಕಾಯಿ ಬೀಜ ಆಗತಾನೇ ಅದರಲ್ಲಿ ಪಾಸಾಗಿತ್ತು. "ನನ್ನ ಕಣ್ಣಿರೋವಾಗ ನಿನ್ನ ಮಿಷನ್ ಯಾಕೆ ಕಣೇ?" ಎಂದು ಅವಳು ನಕ್ಕಿದ್ದಳು. ಈಗ ಮನೆಯಲ್ಲೇ ಕರೆದ ಹಾಲಿನ ಸರದಿ. ಯಂತ್ರದಲ್ಲಿ ವಿಷದ ಅಂಕಿ ಏರುತ್ತಲೇ ಇತ್ತು.

"ಮಿಷನ್ ಕೆಟ್ಟಿರ್ಬೇಕು."

"ಇಲ್ಲಮ್ಮ. ಬೂಷ್ಟು ಹಿಡಿದ ಬೀಜ ಆರಿಸಿ ತೆಗೆದ್ಯಲ್ಲ, ಅದನ್ನೇನ್ ಮಾಡ್ದೆ?"

"ಬಿಸಾಕಕ್ಕಾಗ್ತದಾ? ಗೌರಿಬಿದನೂರಲ್ಲಿ ಗಾಣಕ್ಕೆ ಹಾಕ್ಸಿ, ಹಿಂಡಿನೆಲ್ಲ ಹಸೂಗೆ..."

ಮಗು ಹಾಲಿಗೆ ಕೈಚಾಚಿತು. ಅಕ್ಕಯಮ್ಮ ಲೋಟವನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ಹಿಂದಕ್ಕೆ ಸರಿದಳು.