ಮುನಿರತ್ನಮ್ಮನ ಪ್ಲಾಸ್ಮಾ

ಬಚ್ಚಪ್ಪ ಬೆಲ್ಲದ ಡಬ್ಬಿಯ ಮುಚ್ಚಳವನ್ನು ಸದ್ದಿಲ್ಲದೆ ತೆಗೆದ. ಎರಡು ಬೆರಳು ಒಳಗಿಟ್ಟ.

"ಮುಚ್ಚಿಡು" ಎಂದಳು ಮುನಿರತ್ನಮ್ಮ, ನಡುಮನೆಯಿಂದ.

ಅವಳು ತಿರುಗಿರಲಿಲ್ಲ. ಅಡುಗೆಮನೆಗೆ ಬೆನ್ನು ಹಾಕಿ, ಟಿವಿ ಮುಂದೆ ಚಾಪೆ ಹಾಸಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಕರೆಂಟ್ ಹೋಗಿ ಧಾರಾವಾಹಿ ಅರ್ಧಕ್ಕೆ ನಿಂತಿತ್ತು.

"ನಿಂಗ್ಯಾರು ಹೇಳ್ದೋರು?"

"ಗಂಗಮ್ಮ."

ಅಡುಗೆಮನೆಯ ಗೋಡೆಯಲ್ಲಿ ಗಂಗಮ್ಮನ ಪಟವಿತ್ತು. ಬಚ್ಚಪ್ಪ ಅದರ ಕಡೆ ಕಣ್ಣೆತ್ತಿ ನೋಡಿ, ಕೆನ್ನೆ ಬಡಿದುಕೊಂಡು ಡಬ್ಬಿ ಮುಚ್ಚಿದ.

ಬಚ್ಚಪ್ಪನಿಗೆ ಸಕ್ಕರೆ ಕಾಯಿಲೆ. ಅವನ ಅಣ್ಣ ದೊಡ್ಡವೆಂಕಟಪ್ಪನಿಗೂ ಇದೇ ಕಾಯಿಲೆ. ಕದ್ದು ಕದ್ದು ಸಿಹಿ ತಿಂದ. ಹೆಬ್ಬೆರಳ ಗಾಯ ಮಾಯಲಿಲ್ಲ. ಮೊಣಕಾಲಿನವರೆಗೆ ಕಾಲು ತೆಗೆದರು. ಈಗ ಜಗಲಿಯ ಮೇಲೆ ಕೂತು ಡೇರಿಗೆ ಹೋಗುವ ಹಾಲಿನ ಕ್ಯಾನುಗಳನ್ನು ನೋಡುತ್ತಾನೆ. ಅಂದಿನಿಂದ ಮುನಿರತ್ನಮ್ಮ ಸಂಜೆಯಾದರೆ ಟಾರ್ಚ್ ಹಿಡಿದು ಗಂಡನ ಪಾದ ತಿರುವಿ ತಿರುವಿ ನೋಡುತ್ತಿದ್ದಳು. "ಅದೇನು ಕುದುರೆ ಕಾಲಾ?" ಎಂದು ಬಚ್ಚಪ್ಪ ರೇಗುತ್ತಿದ್ದ. ಅವಳು ಇನ್ನೊಂದು ಪಾದ ಎಳೆದುಕೊಳ್ಳುತ್ತಿದ್ದಳು.

ಬೆಲ್ಲವನ್ನೇ ಮನೆಯಿಂದ ಆಚೆ ಹಾಕೋಣವೆಂದರೆ ಶುಕ್ರವಾರದ ಪೂಜೆ ಇತ್ತು, ಬಂದು ಹೋಗುವ ನೆಂಟರಿದ್ದರು.

ಬಚ್ಚಪ್ಪ ಒಂದು ವಿಷಯ ಗಮನಿಸಿದ್ದ. ಟಿವಿ ಓಡುವಾಗ ಬಾಯಿಗೆ ಹಾಕಿದ ಬೆಲ್ಲ ಹೊಟ್ಟೆ ಸೇರುತ್ತಿತ್ತು. ಕರೆಂಟ್ ಹೋದಾಗಲೇ ಸಿಕ್ಕಿಬೀಳುತ್ತಿದ್ದ. ಧಾರಾವಾಹಿ ನಡೆಯುವಾಗ ಗಂಗಮ್ಮನಿಗೂ ಪುರುಸೊತ್ತಿಲ್ಲ ಎಂದು ತೀರ್ಮಾನಿಸಿದ.

ಹಾಗಾಗಿ ಹಳೆಯ ಡಬ್ಬಾ ಟಿವಿ ಒಂದು ದಿನ ಸುಟ್ಟ ವಾಸನೆ ಬಿಟ್ಟು ನಿಂತುಹೋದಾಗ, ಹೊಸದಕ್ಕೆ ಮೊದಲು ಹೊರಟವನು ಅವನೇ.

"ಯಾವತ್ತೂ ಇಲ್ದಿರೋ ಉತ್ಸಾಹ" ಎಂದಳು ಮುನಿರತ್ನಮ್ಮ, ಬಂಗಾರಪೇಟೆಯಲ್ಲಿ ಬಸ್ಸು ಹತ್ತುತ್ತಾ.

"ನಿನಗೋಸ್ಕರಾನೇ ಕಣಮ್ಮಿ."

"ನಂಗೆ ಗೊತ್ತಿಲ್ವಾ."

ರಾಬರ್ಟ್‌ಸನ್‌ಪೇಟೆಯ ಅಂಗಡಿಯಲ್ಲಿ ಅನಿಲ್ ಎಂಬ ಹುಡುಗ ಎರಡು ಟಿವಿಗಳನ್ನು ಪಕ್ಕಪಕ್ಕದಲ್ಲೇ ಹಾಕಿ ತೋರಿಸಿದ. ಒಂದು ಎಲ್‌ಸಿಡಿ, ಇನ್ನೊಂದು ಪ್ಲಾಸ್ಮಾ.

"ಮನೇಲಿ ಯುಪಿಎಸ್ ಐತಾ ತಾತ?"

"ಐತೆ, ಚಿಕ್ಕದು. ಲೈಟು ಉರಿಯುತ್ತೆ, ಹಳೇ ಟಿವಿ ಓಡ್ತಿರ್ಲಿಲ್ಲ" ಎಂದ ಬಚ್ಚಪ್ಪ.

"ಹಂಗಾದ್ರೆ ಎಲ್‌ಸಿಡಿ ತಗೊಳಿ. ಇದಕ್ಕೆ ಕರೆಂಟ್ ಕಮ್ಮಿ ಸಾಕು. ಲೈನ್ ಹೋದ್ರೂ ಓಡ್ತಾನೇ ಇರುತ್ತೆ."

ಬಚ್ಚಪ್ಪನ ಮುಖ ಅರಳಿತು. ನಿಲ್ಲದ ಧಾರಾವಾಹಿ! "ಇದೇ ಇರಲಿ. ಕಟ್ಟಿಕೊಡಪ್ಪ."

"ಇನ್ನೊಂದು ಏನಾಗೈತೆ?" ಎಂದಳು ಮುನಿರತ್ನಮ್ಮ.

"ಅದು ಪ್ಲಾಸ್ಮಾ ಅಜ್ಜಿ. ಬಣ್ಣ ಚೆನ್ನಾಗಿರುತ್ತೆ. ಆದ್ರೆ ಭಾರ, ಬಿಸಿಯಾಗುತ್ತೆ, ಮುಂದೆ ಪೂರ್ತಿ ಗಾಜು. ಕರೆಂಟ್ ಜಾಸ್ತಿ ಕುಡಿಯುತ್ತೆ, ನಿಮ್ಮ ಯುಪಿಎಸ್ ತಡೆಯಲ್ಲ."

ಮುನಿರತ್ನಮ್ಮ ಎಲ್‌ಸಿಡಿಯ ಪರದೆಯನ್ನು ಬೆರಳಿನಿಂದ ಒತ್ತಿದಳು. ಅನಿಲ್ ಗಾಬರಿಯಾದ. "ಒತ್ಬೇಡಿ ಅಜ್ಜಿ!"

"ಮೆತ್ತಗೈತಲ್ಲಪ್ಪ. ಇದನ್ನ ಒದ್ದೆ ಬಟ್ಟೇಲಿ ಒರೆಸೋದೆಂಗೆ? ಗಾಜೇ ವಾಸಿ. ಎರಡನ್ನೂ ಆರ್ಸು, ನೋಡಾನ."

"ಆರಿಸಿದ್ಮೇಲೆ ಎಲ್ಲಾ ಟಿವಿನೂ ಒಂದೇ ಅಜ್ಜಿ."

"ನಮ್ಮೂರಾಗೆ ಅರ್ಧ ದಿನ ಆರೇ ಇರುತ್ತೆ. ಆರಿದಾಗ್ಲೂ ಚೆಂದ ಇರ್ಬೇಡ್ವಾ?"

ಅನಿಲ್ ನಕ್ಕು ಆರಿಸಿದ. ಮುನಿರತ್ನಮ್ಮ ಒಂದರ ಮುಂದೆ ನಿಂತಳು, ಇನ್ನೊಂದರ ಮುಂದೆ ನಿಂತಳು, ಸೆರಗು ಸರಿ ಮಾಡಿಕೊಂಡಳು. ಆಮೇಲೆ ಗಂಡನ ಕಾಲುಗಳನ್ನು ಒಮ್ಮೆ ನೋಡಿದಳು, ಹಿಮ್ಮಡಿ ಸವೆದ ಚಪ್ಪಲಿಯಲ್ಲಿ ಹತ್ತೂ ಬೆರಳು ನೆಟ್ಟಗಿದ್ದವು.

"ಪ್ಲಾಸ್ಮಾನೇ ಕೊಡು."

"ಲೇ ರತ್ನಮ್ಮ, ಕರೆಂಟ್ ಹೋದ್ರೆ ನಿನ್ನ ಧಾರಾವಾಹಿ ನಿಂತೋಗುತ್ತೆ ಕಣೇ!"

"ನಿಲ್ಲಲಿ ಬಿಡು. ಅದ್ರಾಗೆ ಬರೋ ಅತ್ತೆ ಒಂದು ವರ್ಷದಿಂದ ವಿಷದ ಲೋಟ ಹಿಡ್ಕೊಂಡೇ ನಿಂತವಳೆ. ಇನ್ನೊಂದಿನ ನಿಂತ್ಕೊಂಡ್ರೆ ಏನ್ ಕೈ ನೋಯುತ್ತಾ?"

ಅನಿಲ್ ಬಚ್ಚಪ್ಪನ ಕಡೆ ನೋಡಿ ಕೈಚೆಲ್ಲಿದ. ಹೆಂಗಸರಿಗೆ ಮಿಂಚೋದೇ ಬೇಕು ಎಂದು ಬಚ್ಚಪ್ಪ ಗೊಣಗಿದ.

ಅನಿಲ್ ಮನೆಗೆ ಬಂದು ಟಿವಿ ಕೂರಿಸಿದಾಗಲೂ ಹಟ ಅವಳದೇ. ಬಾಗಿಲ ಪಕ್ಕ ಬೇಡ, ಮೂಲೆ ಬೇಡ. ಅಡುಗೆಮನೆಗೆ ನೇರ ಎದುರಿನ ಗೋಡೆಯೇ ಬೇಕು. "ಮುದ್ದೆ ತೊಳಸ್ತಾನೂ ನೋಡ್ಬೋದು" ಎಂದಳು. ಅನಿಲ್ ತಲೆಯಾಡಿಸಿದ, ಅಷ್ಟಾದರೂ ನ್ಯಾಯವಾಗಿತ್ತು.

ಮಾರನೆಯ ದಿನ ಮಧ್ಯಾಹ್ನ ಕರೆಂಟ್ ಹೋಯಿತು. ಮುನಿರತ್ನಮ್ಮ ಆರಿದ ಪ್ಲಾಸ್ಮಾದ ಮುಂದೆ ಮೊರ ಹಿಡಿದು ಕೂತಳು. ಅಡುಗೆಮನೆಯ ಹಿತ್ತಿಲ ಬಾಗಿಲಿಂದ ಬಿಸಿಲು ಸುರಿಯುತ್ತಿತ್ತು.

ಬಚ್ಚಪ್ಪ ಈ ಸಲ ತಯಾರಾಗಿ ಬಂದಿದ್ದ. ಚಪ್ಪಲಿಯನ್ನು ಹಿತ್ತಿಲಲ್ಲೇ ಬಿಟ್ಟ. ಹೆಗಲ ಮೇಲಿನ ಟವೆಲ್ ತೆಗೆದು ಗಂಗಮ್ಮನ ಪಟಕ್ಕೆ ಹೊದಿಸಿದ. "ಒಂದ್ ಗಳಿಗೆ ಕಣ್ಮುಚ್ಚಮ್ಮ ತಾಯಿ" ಎಂದು ಕೈಮುಗಿದ. ಮುಚ್ಚಳ ತೆಗೆದ. ಬೆಲ್ಲದ ದೊಡ್ಡ ಉಂಡೆಯೊಂದು ಬಾಯಿಗೆ ಹೋಯಿತು.

"ಉಗಿ" ಎಂದಳು ಮುನಿರತ್ನಮ್ಮ. "ಆ ತಾಯಿ ಮುಖದ ಮ್ಯಾಲಿನ ಟವೆಲ್ಲೂ ತೆಗಿ. ಉಸಿರುಗಟ್ಟಿದಂಗಾಗ್ತದಂತೆ."

ಬಚ್ಚಪ್ಪ ಡಬ್ಬಿ ಅಲ್ಲೇ ಬಿಟ್ಟ. ಹಿತ್ತಿಲಿಗೆ ಓಡಿ ಉಗಿದು ಬಂದ, ಟವೆಲ್ ಎಳೆದ, ಪಟದ ಮುಂದೆ ಅಡ್ಡಬಿದ್ದ. "ನಿನ್ನಾಣೆಗೂ ಇನ್ನು ಮುಟ್ಟಲ್ಲ ತಾಯಿ. ನನ್ನ ಕಾಲೆರಡೂ ನೀನೇ ಕಾಯಬೇಕು."

ಮುನಿರತ್ನಮ್ಮ ತಿರುಗಲಿಲ್ಲ. ಸೆರಗಿನಿಂದ ಒಮ್ಮೆ ಕಣ್ಣೊರೆಸಿಕೊಂಡಳು, ಆಮೇಲೆ ಅದೇ ಸೆರಗಿನಿಂದ ಪ್ಲಾಸ್ಮಾದ ಧೂಳು ಒರೆಸಿದಳು.

ಹಳೆಯ ಡಬ್ಬಾ ಟಿವಿಯ ಉಬ್ಬು ಗಾಜಿನಲ್ಲಿ ಗಂಡನ ಮುಖ ಕುಂಬಳಕಾಯಿಯಂತೆ ಕಾಣುತ್ತಿತ್ತು; ಇದರ ಕಪ್ಪು ಗಾಜಿನಲ್ಲಿ, ಬೆನ್ನ ಹಿಂದೆ ಅಡ್ಡಬಿದ್ದು ಎದ್ದು ತಿರುಗಿದವನ ಮೀಸೆಗೆ ಅಂಟಿದ್ದ ಬೆಲ್ಲದ ಚೂರೂ ಸ್ಪಷ್ಟವಾಗಿತ್ತು.